ಕಿವಿಯಿಂದ ನಾಲಿಗೆಗೆ: ಮಗುವಿನ ಮಾತಿನ ಒಂದು ಚರಿತ್ರೆ



ಹುಣಸೂರು ತಾಲ್ಲೂಕಿನ ಒಂದು ಹಳ್ಳಿಗೆ ನಮ್ಮ ತಂಡ ಚಿತ್ರೀಕರಣಕ್ಕೆ ಹೋಗಿತ್ತು. ವಿಷಯ ಹೊಗೆಸೊಪ್ಪಿನ ಬೇಸಾಯ. ಮಕ್ಕಳ ಮಾತಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಬ್ಯಾರನ್ನಿನ ಪಕ್ಕದ ಮನೆಯ ಜಗಲಿಯ ಮೇಲೆ ಎರಡು ವರ್ಷದ ಗಂಡುಮಗುವೊಂದು ಕುಳಿತು ನಮ್ಮ ಕ್ಯಾಮೆರಾವನ್ನು ಕಣ್ಣರಳಿಸಿ ನೋಡುತ್ತಿತ್ತು. ಅಷ್ಟರಲ್ಲಿ ನಮ್ಮ ಸಹಾಯಕನ ಕೈಜಾರಿ ದೀಪದ ಕಬ್ಬಿಣದ ಸ್ಟ್ಯಾಂಡು ಮಗುವಿನ ಬೆನ್ನ ಹಿಂದೆಯೇ ಧಡಾರನೆ ಬಿತ್ತು. ಮಲಗಿದ್ದ ನಾಯಿ ಎದ್ದು ಓಡಿತು. ನಾವೆಲ್ಲ ಬೆಚ್ಚಿದೆವು. ಮಗು ಮಾತ್ರ ತಿರುಗಿ ನೋಡಲಿಲ್ಲ.

ನಮ್ಮ ಧ್ವನಿಮುದ್ರಕ ನನ್ನ ಮುಖ ನೋಡಿದ. ನಾನು ಅಜ್ಜಿಯನ್ನು ಕೇಳಿದೆ: "ಏನಮ್ಮ, ಮಗು ಮಾತಾಡುತ್ತಾ?" ಆಕೆ ನಕ್ಕರು. "ಇನ್ನೂ ಇಲ್ಲ ಕಣಪ್ಪ. ಅವ್ರಪ್ಪನೂ ಮೂರ್ ವರ್ಸಕ್ಕೆ ಮಾತಾಡಿದ್ದು. ಗಂಡ್ ಹೈಕ್ಳು ನಿಧಾನ. ಬಜೆ ತೇದು ನಾಲ್ಗೆಗೆ ಸವರ್ತಾ ಇವ್ನಿ." ನಾನು ಹೂಂಗುಟ್ಟಿದೆ. ಬೆಳಕು ಜಾರುವುದರೊಳಗೆ ಕೆಲಸ ಮುಗಿಸಬೇಕಿತ್ತು. ಮುಗಿಸಿ ವ್ಯಾನು ಹತ್ತಿದೆವು.

ನಾನು ಓದಿದ್ದು ವಿಜ್ಞಾನ. ಸದ್ದಿಗೆ ತಿರುಗದ ಮಗುವನ್ನು ಕಣ್ಣಾರೆ ಕಂಡೂ ಆ ಅಜ್ಜಿಗೆ ಒಂದು ಮಾತು ಹೇಳದೆ ಬಂದೆ. ಮಾತು ಬಾರದಿದ್ದರೆ ದೋಷ ನಾಲಿಗೆಯದು ಎಂದು ಆಕೆ ಭಾವಿಸಿದ್ದರು. ಅದು ಆಕೆಯೊಬ್ಬರ ತಪ್ಪಲ್ಲ. ಮನುಷ್ಯರು ಎರಡೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮಗುವಿನ ಬಾಯನ್ನೇ ನೋಡುತ್ತಾ ಬಂದಿದ್ದಾರೆ. ಕಿವಿಯ ಕಡೆಗೆ ನೋಟ ಹರಿದದ್ದು ತೀರ ಈಚೆಗೆ. ಈ ಸಂಚಿಕೆಯ ಮಾತುಕತೆಗೆ ಪೂರಕವಾಗಿ ಆ ನೋಟ ಬದಲಾದ ಚರಿತ್ರೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ಇಬ್ಬರು ದೊರೆಗಳ ಕಥೆ. ಕ್ರಿಸ್ತಪೂರ್ವ 7ನೆಯ ಶತಮಾನದಲ್ಲಿ ಈಜಿಪ್ಟನ್ನು ಆಳಿದ ಸ್ಯಾಮೆಟಿಕಸ್ ಎಂಬ ದೊರೆಗೆ ಲೋಕದ ಅತ್ಯಂತ ಹಳೆಯ ಜನಾಂಗ ಯಾವುದೆಂದು ತಿಳಿಯುವ ಆಸೆಯಾಯಿತಂತೆ. ಎರಡು ಎಳೆಗೂಸುಗಳನ್ನು ಒಬ್ಬ ಕುರುಬನಿಗೆ ಒಪ್ಪಿಸಿ, ಇವುಗಳ ಮುಂದೆ ಯಾರೂ ಒಂದು ಮಾತೂ ಆಡಕೂಡದು, ಹೊತ್ತುಹೊತ್ತಿಗೆ ಆಡುಗಳನ್ನು ಕರೆತಂದು ಹಾಲು ಕುಡಿಸಬೇಕು ಎಂದು ಆಜ್ಞೆ ಮಾಡಿದ. ಯಾರ ಮಾತನ್ನೂ ಕೇಳದ ಮಕ್ಕಳ ಬಾಯಿಂದ ತಾನಾಗಿ ಹೊರಡುವ ಮಾತೇ ಮೂಲ ಭಾಷೆ ಎಂಬುದು ಅವನ ತರ್ಕ. ಎರಡು ವರ್ಷ ಕಳೆದ ಮೇಲೆ ಮಕ್ಕಳು ಕೈಚಾಚಿ 'ಬೆಕೋಸ್' ಎಂದವು. ಫ್ರಿಜಿಯನ್ ಭಾಷೆಯಲ್ಲಿ ಹಾಗೆಂದರೆ ರೊಟ್ಟಿ. ಈಜಿಪ್ಟಿನವರಿಗಿಂತ ಫ್ರಿಜಿಯನ್ನರೇ ಹಳಬರು ಎಂದು ದೊರೆ ಒಪ್ಪಿಕೊಂಡನಂತೆ. ಈ ಕಥೆಯನ್ನು ಬರೆದಿಟ್ಟವನು ಗ್ರೀಕ್ ಚರಿತ್ರಕಾರ ಹೆರೊಡೊಟಸ್. ಮಕ್ಕಳು ಅನುಕರಿಸಿದ್ದು ಆಡಿನ ಕೂಗನ್ನು ಎಂದು ಅನಂತರದವರು ನಗೆಯಾಡಿದ್ದಾರೆ. ನೀವೇ ಪಿರಿಯಾಪಟ್ಟಣದ ಸಂತೆಗೆ ಹೋಗಿ ಕೇಳಿ ನೋಡಿ, ಆಡು ಏನೆಂದು ಕೂಗುತ್ತದೆ!

ಎರಡನೆಯ ದೊರೆ ನಮ್ಮ ಪಠ್ಯಪುಸ್ತಕಗಳ ಅಕ್ಬರ್. 1580ರ ಆಸುಪಾಸಿನಲ್ಲಿ ಅವನು ಕೆಲವು ಹಸುಗೂಸುಗಳನ್ನು ಜನವಸತಿಯಿಂದ ದೂರದ ಒಂದು ಮನೆಯಲ್ಲಿರಿಸಿ, ಮಾತಾಡದೆ ಸಾಕುವಂತೆ ದಾದಿಯರಿಗೆ ಕಟ್ಟಪ್ಪಣೆ ಮಾಡಿದ. ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಇದನ್ನು ದಾಖಲಿಸಿದ್ದಾನೆ. 1582ರಲ್ಲಿ ಬಾದಶಹ ಸ್ವತಃ ಹೋಗಿ ನೋಡಿದಾಗ ಅಲ್ಲಿ ಯಾವ ಭಾಷೆಯೂ ಹುಟ್ಟಿರಲಿಲ್ಲ. ಮೂಕರು ಹೊರಡಿಸುವ ಸದ್ದಷ್ಟೇ ಇತ್ತು. ಜನ ಆ ಮನೆಯನ್ನು 'ಗುಂಗ್ ಮಹಲ್' ಎಂದರು, ಅಂದರೆ ಮೂಕರ ಮನೆ. ಪ್ರಯೋಗ ಕ್ರೂರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉತ್ತರ ಸರಿಯಾಗಿತ್ತು: ಕಿವಿಗೆ ಬೀಳದ ಮಾತು ಬಾಯಿಗೆ ಬರುವುದಿಲ್ಲ. ಇದನ್ನು ಅರ್ಥಮಾಡಿಕೊಂಡವರು ಆಗ ಕಡಿಮೆ.

ಮುಂದೆ ಸುಮಾರು ಮೂರು ಶತಮಾನ ಜಿಗಿದು ಇಂಗ್ಲೆಂಡಿಗೆ ಬನ್ನಿ. ಚಾರ್ಲ್ಸ್ ಡಾರ್ವಿನ್ನನ ಮೊದಲ ಮಗ ವಿಲಿಯಮ್ ಹುಟ್ಟಿದ್ದು 1839ರ ಡಿಸೆಂಬರ್ 27ರಂದು. ತಂದೆ ಅಂದಿನಿಂದಲೇ ಮಗುವಿನ ಮೇಲೆ ಒಂದು ಟಿಪ್ಪಣಿ ಪುಸ್ತಕ ಇಟ್ಟ. ಯಾವಾಗ ಸೀನಿತು, ಯಾವಾಗ ನಕ್ಕಿತು, ಯಾವ ಸದ್ದಿಗೆ ಬೆಚ್ಚಿತು, ಎಲ್ಲವೂ ದಿನಾಂಕ ಸಹಿತ. 37 ವರ್ಷಗಳ ನಂತರ, 1877ರಲ್ಲಿ, ಅದನ್ನು ಒಂದು ಪ್ರಬಂಧವಾಗಿ ಪ್ರಕಟಿಸಿದ. ಸರಿಯಾಗಿ ಒಂದು ವರ್ಷ ತುಂಬಿದಾಗ ಮಗು ಊಟಕ್ಕೆ ತಾನೇ ಒಂದು ಪದ ಕಟ್ಟಿಕೊಂಡಿತು ಎನ್ನುತ್ತಾನೆ ಡಾರ್ವಿನ್. ಆ ಪದ ಯಾವುದು ಗೊತ್ತೆ? 'ಮಮ್'!

ನಿಮಗೆ ನಗು ಬಂದಿರಬೇಕು. ನಮ್ಮ ಮನೆಗಳಲ್ಲಿ 'ಮಮ್ಮು ತಿನ್ನು ಬಾ' ಎಂದು ಕರೆಯುವುದು ಡಾರ್ವಿನ್ನನನ್ನು ಓದಿ ಅಲ್ಲವಷ್ಟೆ. ಮೊಲೆ ಕುಡಿಯುವಾಗ ತುಟಿ ಮುಚ್ಚಿರುತ್ತದೆ. ಮುಚ್ಚಿದ ತುಟಿಯ ಹಿಂದಿನಿಂದ ಮೂಗಿನ ಮೂಲಕ ಹೊರಡಬಹುದಾದ ಸದ್ದು 'ಮ್‌' ಒಂದೇ. ಆದ್ದರಿಂದಲೇ ಲೋಕದ ಬಹಳಷ್ಟು ಭಾಷೆಗಳಲ್ಲಿ ತಾಯಿಗೂ ಊಟಕ್ಕೂ 'ಮ' ಅಂಟಿಕೊಂಡಿದೆ ಎಂದು ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1960ರಲ್ಲಿ ವಾದಿಸಿದರು. ನಮ್ಮವರೇ ಆದ ಡಿ. ಎನ್. ಶಂಕರ ಭಟ್ಟರು 1967ರಲ್ಲಿ ಮಕ್ಕಳೊಡನೆ ಆಡುವ ಇಂಥ ಪದಗಳ ಮೇಲೆ ಒಂದು ಚಿಕ್ಕ ಪ್ರಬಂಧ ಬರೆದರು. ಬೂವ, ತಾಚಿ, ಅಂಬಾ, ಬೌಬೌ, ಗುಮ್ಮ... ದೊಡ್ಡವರ ಮಾತಿನಲ್ಲಿ ಇವಕ್ಕೆ ಬೇರೆಯೇ ಪದಗಳಿವೆ. ಆದರೂ ಎಷ್ಟೋ ತಲೆಮಾರುಗಳಿಂದ ಅಜ್ಜಿಯರು ಇವನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಎರಡು ಅಕ್ಷರ, ಒಂದೇ ಧ್ವನಿಯ ಪುನರಾವೃತ್ತಿ, ತುಟಿಯಲ್ಲಿ ಕಣ್ಣಿಗೆ ಕಾಣುವ ಚಲನೆ. ಪಾಠ ಹೇಳುವ ಉಪಾಯ ಇದಕ್ಕಿಂತ ಚೆನ್ನಾಗಿರಲು ಸಾಧ್ಯವೆ?

ಡಾರ್ವಿನ್ನನ ಪುಸ್ತಕದಲ್ಲಿಯೂ ಮುಖ್ಯ ಪಾತ್ರ ಬಾಯಿಯದೇ. ಮಗು ಬಾಯಿ ತೆರೆಯುವುದಕ್ಕೆ ಬಹಳ ಮುಂಚೆ ಕಿವಿ ಎಷ್ಟು ಕೆಲಸ ಮಾಡಿರುತ್ತದೆ ಎಂಬುದನ್ನು ಅಳೆಯಲು ಬೇರೆ ಉಪಾಯ ಬೇಕಾಗಿತ್ತು. ಮಾತು ಬಾರದ ಕೂಸನ್ನು 'ನಿನಗೆ ಕೇಳಿಸಿತೆ?' ಎಂದು ಪ್ರಶ್ನಿಸುವುದು ಹೇಗೆ? 1971ರಲ್ಲಿ ಅಮೆರಿಕದ ಪೀಟರ್ ಐಮಾಸ್ ಮತ್ತು ಸಂಗಡಿಗರು ಒಂದು ಜಾಣ ದಾರಿ ಹಿಡಿದರು. ಕೂಸಿನ ಬಾಯಿಗೆ ತಂತಿ ಜೋಡಿಸಿದ ರಬ್ಬರಿನ ತೊಟ್ಟು ಕೊಟ್ಟರು. ಹೊಸ ಸದ್ದು ಕೇಳಿದಾಗ ಕೂಸು ಜೋರಾಗಿ ಚೀಪುತ್ತದೆ. ಅದೇ ಸದ್ದು ಮತ್ತೆ ಮತ್ತೆ ಬಂದರೆ ಬೇಸರವಾಗಿ ಚೀಪುವುದು ನಿಧಾನವಾಗುತ್ತದೆ. 'ಬ' ಕೇಳಿಸಿ ಕೇಳಿಸಿ ಬೇಸರ ಬರಿಸಿ, ಥಟ್ಟನೆ 'ಪ' ಕೇಳಿಸಿದರು. ಒಂದು ತಿಂಗಳ ಕೂಸು ಮತ್ತೆ ಜೋರಾಗಿ ಚೀಪಿತು. ಅಂದರೆ ಅದಕ್ಕೆ ವ್ಯತ್ಯಾಸ ತಿಳಿಯಿತು. 1980ರಲ್ಲಿ ಇಂಥದೇ ಉಪಾಯದಿಂದ, ಹುಟ್ಟಿ ಮೂರು ದಿನದೊಳಗಿನ ಶಿಶು ಬೇರೆ ಹೆಂಗಸರ ದನಿಗಿಂತ ತನ್ನ ತಾಯಿಯ ದನಿಯನ್ನೇ ಬಯಸುತ್ತದೆ ಎಂದು ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಮ್ ಫೈಫರ್ ತೋರಿಸಿದರು. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಕಿವಿ ಕೆಲಸ ಆರಂಭಿಸಿರುತ್ತದೆ.

ಇದಕ್ಕಿಂತಲೂ ಸೊಗಸಾದ ಪ್ರಯೋಗ ನಮ್ಮ ನಾಡಿನ ಧ್ವನಿಗಳ ಮೇಲೆಯೇ ನಡೆಯಿತು. 'ತಟ್ಟೆ' ಎಂದು ಒಮ್ಮೆ ಹೇಳಿ. ಮೊದಲ 'ತ'ಕ್ಕೆ ನಾಲಿಗೆ ಹಲ್ಲಿಗೆ ತಾಗುತ್ತದೆ, 'ಟ'ಕ್ಕೆ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಈ ಎರಡರ ವ್ಯತ್ಯಾಸ ಸುಲಭಕ್ಕೆ ಕೇಳಿಸುವುದಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ಇಂಥ ಜೋಡಿ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳಿಗೆ ಬರುವಷ್ಟರಲ್ಲಿ ಹೆಚ್ಚಿನವಕ್ಕೆ ಆ ಶಕ್ತಿ ಹೋಗಿತ್ತು. ಮನೆಯಲ್ಲಿ ಬೇಡವಾದ ವ್ಯತ್ಯಾಸವನ್ನು ಕಿವಿ ಬಿಟ್ಟುಬಿಡುತ್ತದೆ, ಬೇಕಾದದ್ದನ್ನು ಉಳಿಸಿಕೊಳ್ಳುತ್ತದೆ. ಇದನ್ನು ನಿಮ್ಮ ಊರಿಗೆ ತಿರುಗಿಸಿ ನೋಡಿ. ಕೃಷ್ಣರಾಜನಗರದ ಗದ್ದೆ ಬಯಲಿನ ಮನೆಯೊಂದರಲ್ಲಿ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ. ಅದು ಒಂದು ಪದವನ್ನೂ ಆಡಿಲ್ಲ. ಆದರೆ ಅದರ ಕಿವಿ ಆಗಲೇ ಕನ್ನಡದ ಕಿವಿಯಾಗುತ್ತಿದೆ.

ಆಮೇಲಿನ ಮೆಟ್ಟಿಲುಗಳು ನಿಮಗೆ ಗೊತ್ತೇ ಇವೆ. ಎರಡು ಮೂರು ತಿಂಗಳಿಗೆ 'ಊ', 'ಆ' ಎಂಬ ಗುನುಗು. ಆರರಿಂದ ಒಂಬತ್ತು ತಿಂಗಳ ನಡುವೆ 'ಬಬಬ', 'ದದದ'. ವರ್ಷದ ಸುಮಾರಿಗೆ ಮೊದಲ ಪದ. ಎರಡು ವರ್ಷಕ್ಕೆ 'ಅಮ್ಮ ಬಾ', 'ಹಾಲು ಬೇಡ' ಎಂಬ ಎರಡು ಪದಗಳ ಜೋಡಣೆ. ಕೆಲವು ತಿಂಗಳ ಹಿಂದೆ ಮುಂದೆ ಆಗುವುದು ಸಹಜ.

ಪದ ಜೋಡಣೆಯ ಹಂತಕ್ಕೆ ಬಂದ ಮಗು ಬರಿಯ ಗಿಳಿಯಲ್ಲ ಎಂಬುದಕ್ಕೆ ಕನ್ನಡವೇ ಒಂದು ಪ್ರಸಿದ್ಧ ಸಾಕ್ಷಿ ಒದಗಿಸಿದೆ. ನಮ್ಮಲ್ಲಿ 'ಏರು' ಎಂದರೆ ತಾನೇ ಏರುವುದು. 'ಏರಿಸು' ಎಂದರೆ ಬೇರೆಯವರನ್ನು ಏರುವಂತೆ ಮಾಡುವುದು. ಈ 'ಇಸು' ಬಹಳ ನಂಬಿಕಸ್ಥ ಗುರುತು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಮೂರು ವರ್ಷದ ಆಸುಪಾಸಿನ ಕನ್ನಡದ ಮಕ್ಕಳ ಕೈಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ಹೇಳಿದ ವಾಕ್ಯವನ್ನು ಆಡಿ ತೋರಿಸುವಂತೆ ಕೇಳಿದರು. ಫಲಿತಾಂಶ ಪ್ರಕಟವಾದದ್ದು 2003ರಲ್ಲಿ. ಮಕ್ಕಳು 'ಇಸು' ಇದೆಯೋ ಇಲ್ಲವೋ ಎಂದು ನೋಡಲಿಲ್ಲ. ವಾಕ್ಯದಲ್ಲಿ ಎಷ್ಟು ಪ್ರಾಣಿಗಳ ಹೆಸರಿದೆ ಎಂದು ಎಣಿಸಿದರು! ಎರಡು ಹೆಸರಿದ್ದರೆ ಒಂದು ಇನ್ನೊಂದಕ್ಕೆ ಏನೋ ಮಾಡಬೇಕು. ಒಂದೇ ಇದ್ದರೆ ಅದು ತಾನೇ ಮಾಡಬೇಕು. ಕೇಳಿದ್ದನ್ನಷ್ಟೇ ನಕಲು ಮಾಡುವುದಾದರೆ ಕಣ್ಣಿಗೆ ಹೊಡೆಯುವಂತಿದ್ದ 'ಇಸು'ವನ್ನೇ ಹಿಡಿಯಬೇಕಿತ್ತು ತಾನೆ? ಮಗುವಿನ ಮಿದುಳು ಭಾಷೆಯ ಬಗ್ಗೆ ಏನೋ ಒಂದು ನಿರೀಕ್ಷೆಯನ್ನು ತಾನೇ ಹೊತ್ತು ತಂದಿರುತ್ತದೆ ಎಂದು ಈ ವಿದ್ವಾಂಸರು ತೀರ್ಮಾನಿಸಿದರು. ಪಾಪ, ಸ್ಯಾಮೆಟಿಕಸ್ ಅರ್ಧ ಸರಿಯಾಗಿದ್ದ. ಮಗು ಭಾಷೆಯನ್ನು ಹೊತ್ತು ತರುವುದಿಲ್ಲ, ಅದನ್ನು ಕಲಿಯುವ ಸಜ್ಜನ್ನು ಮಾತ್ರ ತರುತ್ತದೆ.

ಈಗ ಕಿವಿ ಕೇಳದ ಮಗುವಿನ ಸ್ಥಿತಿಯನ್ನು ಯೋಚಿಸಿ. ಮೊದಲ ತಿಂಗಳುಗಳಲ್ಲಿ ಅದೂ ಎಲ್ಲ ಮಕ್ಕಳಂತೆ ಅಳುತ್ತದೆ, ಗುನುಗುತ್ತದೆ, ಮುಖ ನೋಡಿ ನಗುತ್ತದೆ. ಬಾಗಿಲು ಬಡಿದರೆ ನೆಲದ ಕಂಪನಕ್ಕೆ ತಿರುಗಿದರೂ ತಿರುಗೀತು. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. 'ಬಬಬ' ತಡವಾಗುತ್ತದೆ, ಅಥವಾ ಬರುವುದೇ ಇಲ್ಲ. ಆದರೆ ಇಲ್ಲದ ಸದ್ದನ್ನು ಯಾರು ಗಮನಿಸುತ್ತಾರೆ? ಎರಡು ವರ್ಷವಾದರೂ ಮಾತು ಬಾರದಾಗ ಅನುಮಾನ ಹುಟ್ಟುತ್ತದೆ. ಆಗ ಬಜೆ, ಹರಕೆ, 'ಅವರಪ್ಪನೂ ಹಾಗೇ' ಎಂಬ ಸಮಾಧಾನ. ಇವುಗಳಲ್ಲಿ ಇನ್ನೆರಡು ವರ್ಷ ಕಳೆದುಹೋಗುತ್ತದೆ. ಕಿವಿ ಭಾಷೆಯನ್ನು ಹಿಡಿಯಲು ಅತ್ಯಂತ ಚುರುಕಾಗಿರುವ ಕಾಲ ಅದೇ.

ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯೊಂದು 1901ರಷ್ಟು ಹಿಂದೆಯೇ ಆರಂಭವಾಗಿತ್ತು. ದೇಶದಲ್ಲಿ ಇಂಥ ಶಾಲೆಗಳು ಬೆರಳೆಣಿಕೆಯಷ್ಟಿದ್ದ ಕಾಲವದು. ಆದರೆ ಶಾಲೆ ಎಂದರೆ ಶಾಲೆಯ ವಯಸ್ಸು. ಅಲ್ಲಿಗೆ ಬರುವ ಹೊತ್ತಿಗೆ ಮಗುವಿನ ಮೊದಲ ಐದಾರು ವರ್ಷಗಳು ದಾಟಿರುತ್ತವೆ. ಆ ವರ್ಷಗಳನ್ನೇ ಗುರಿಯಾಗಿಸಿಕೊಂಡು ಕೆಲಸ ಮಾಡುವ ಸಂಸ್ಥೆ ಬಂದದ್ದು 1965ರ ಆಗಸ್ಟ್ 9ರಂದು. ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ ಮೈಸೂರಿನಲ್ಲಿ ಆರಂಭಿಸಿದ ಇದಕ್ಕೆ ಮೊದಲು 'ಲೋಗೋಪೀಡಿಕ್ಸ್' ಎಂಬ ನಾಲಿಗೆ ಹೊರಳದ ಹೆಸರಿತ್ತು. ಮಾತು ತಿದ್ದುವ ಸಂಸ್ಥೆಯ ಹೆಸರನ್ನೇ ಹೇಳಲು ಕಷ್ಟವಾದರೆ ಹೇಗೆ! ಬೇಗನೆ ಅದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಾಯಿತು. 1966ರ ಜುಲೈ 25ರಂದು ಮಾನಸಗಂಗೋತ್ರಿಯಲ್ಲಿ ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರು ಆಗಿನ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್. ಒಂದು ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರಾಗಿದ್ದವರು ಅವರು. ಹೆಸರಿನ ಬದಲಾವಣೆಯನ್ನು ಗಮನಿಸಿ. 'ವಾಕ್' ಪಕ್ಕದಲ್ಲಿ 'ಶ್ರವಣ' ಬಂದು ಕೂತಿತು. ಬಾಯಿಯ ಜೊತೆಗೆ ಕಿವಿಗೂ ಹೆಸರು ಫಲಕದಲ್ಲಿ ಜಾಗ ಸಿಕ್ಕಿತು.

ಸಂಸ್ಥೆಯ ಮುಂದಿದ್ದ ಮೊದಲ ತೊಡಕು ಸ್ವಾರಸ್ಯವಾದದ್ದು. ಮಾತಿನ ತಪಾಸಣೆಗೆ ಪುಸ್ತಕಗಳೇನೋ ಇದ್ದವು, ಎಲ್ಲವೂ ಇಂಗ್ಲಿಷಿನವು. ಕನ್ನಡದ ಮಗುವನ್ನು ಇಂಗ್ಲಿಷಿನ ಅಳತೆಗೋಲಿನಿಂದ ಅಳೆಯುವುದು ಹೇಗೆ? 'ಳ', 'ಣ' ಅಲ್ಲಿ ಇಲ್ಲವೇ ಇಲ್ಲ. 1972ರಲ್ಲಿ ಬಾಬು, ರತ್ನ ಮತ್ತು ಬೆಟ್ಟಗೇರಿ ಅವರು ಕನ್ನಡದ್ದೇ ಆದ ಉಚ್ಚಾರಣಾ ಪರೀಕ್ಷೆಯೊಂದನ್ನು ರೂಪಿಸಿ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಥ ಪರೀಕ್ಷೆಯ ಸೂತ್ರ ಸರಳ: ಮಗುವಿನಿಂದ ಪದ ಹೇಳಿಸಿ, ಯಾವ ಧ್ವನಿ ಬಂತು, ಯಾವುದು ಬರಲಿಲ್ಲ, ಯಾವುದರ ಬದಲಿಗೆ ಯಾವುದು ಬಂತು ಎಂದು ಗುರುತು ಹಾಕಿಕೊಳ್ಳುವುದು. 'ಪ', 'ಮ', 'ನ' ಬೇಗ ಬರುತ್ತವೆ, 'ರ' ತಡ. ಮೂರು ವರ್ಷದ ಮಗು ರಾಮನನ್ನು 'ಲಾಮ' ಎಂದರೆ ಗಾಬರಿಯಾಗಬೇಕಿಲ್ಲ.

ಆದರೆ ಪಟ್ಟಿ ಹಿಡಿದು ಈ ನಾಲ್ಕು ತಾಲ್ಲೂಕುಗಳಿಗೆ ಹೋದವರಿಗೆ ಒಂದು ಗುಂಡಿ ಕಾದಿರುತ್ತದೆ. ಹಾಲಿನ ಲೋಟ ತೋರಿಸಿದರೆ ಮಗು 'ಆಲು' ಎನ್ನುತ್ತದೆ. 'ಹ' ಬರಲಿಲ್ಲ ಎಂದು ಗುರುತು ಹಾಕೋಣವೆ? ತಾಳಿ. ಅದರ ತಾಯಿಯೂ 'ಆಲು' ಎನ್ನುತ್ತಾಳೆ, ಅಜ್ಜಿಯೂ. ಹಳ್ಳಿಗೆ 'ಅಳ್ಳಿ', ಹಸುವಿಗೆ 'ಅಸ'. ಮಗು ತಪ್ಪು ಕಲಿತಿಲ್ಲ, ತಾನು ಕೇಳಿದ್ದನ್ನು ಸರಿಯಾಗಿಯೇ ಕಲಿತಿದೆ. ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ. ಹಳಗನ್ನಡದಲ್ಲಿ ಇದು 'ಪಾಲ್'. ಶತಮಾನಗಳು ಉರುಳಿದಂತೆ 'ಪ' ಸವೆದು 'ಹ' ಆಯಿತು, ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಆ 'ಹ'ವೂ ಸವೆದುಹೋಯಿತು. ಪಂಪನ ಕಾಲದ ಮಗುವಿಗೆ ಬಹುಶಃ ಹಾಲು ಕೇಳುವುದು ನಮ್ಮ ಮಕ್ಕಳಿಗಿಂತ ಸುಲಭವಿತ್ತು. ತುಟಿ ಸೇರಿಸಿ ಬಿಟ್ಟರೆ ಸಾಕಿತ್ತು. ಇದು ನನ್ನ ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ. ಆದರೆ ಪೇಟೆಯ ಮಾತನ್ನೇ ಅಳತೆಗೋಲು ಮಾಡಿಕೊಂಡರೆ ಹಳ್ಳಿಯ ಮಗುವಿಗೆಲ್ಲ ರೋಗದ ಚೀಟಿ ಅಂಟಿಸಬೇಕಾಗುತ್ತದೆ ಎಂಬುದು ಊಹೆಯಲ್ಲ.

ಹೆಗ್ಗಡದೇವನಕೋಟೆಯ ಕಾಡಂಚಿಗೆ ಬಂದರೆ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಜೇನುಕುರುಬರ ಹಾಡಿಯಲ್ಲಿ ಮಗು ಕೇಳುತ್ತಾ ಬೆಳೆಯುವುದು ತನ್ನವರ ನುಡಿಯನ್ನು. ಅದನ್ನು ಕನ್ನಡದ ಉಪಭಾಷೆ ಎನ್ನುವವರಿದ್ದಾರೆ, ಬೇರೆಯೇ ಭಾಷೆ ಎನ್ನುವವರಿದ್ದಾರೆ. ಅದೇನೇ ಇರಲಿ, ಅಂಗನವಾಡಿಯ ಟೀಚರ್ ಆಡುವ ಕನ್ನಡ ಆ ಮಗುವಿಗೆ ಹೊಸದು. ಅಂಗನವಾಡಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದ ಮೊದಲ ಕೇಂದ್ರಗಳು ತೆರೆದದ್ದು ಇದೇ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಂದಿನಿಂದ ಸಾವಿರಾರು ಮಕ್ಕಳು ಆ ಚಾಪೆಯ ಮೇಲೆ ಕುಳಿತಿದ್ದಾರೆ. ಹಾಡಿಯಿಂದ ಬಂದ ಮೂರು ವರ್ಷದ ಮಗು ಅಲ್ಲಿ ವಾರಗಟ್ಟಲೆ ತುಟಿ ಬಿಚ್ಚದೆ ಕೂತರೆ 'ಮಂದ' ಎನ್ನಬಾರದು. ಸಂಜೆ ಮನೆಗೆ ಹೋಗಿ ಅದು ಅಕ್ಕನೊಡನೆ ಜಗಳವಾಡುವುದನ್ನು ಕೇಳಬೇಕು. ಒಂದು ಭಾಷೆಯಲ್ಲಿ ಚುರುಕಾಗಿ ಮಾತಾಡುವ ಮಗುವಿಗೆ ಇನ್ನೊಂದರಲ್ಲಿ ಬೇಕಾಗಿರುವುದು ಕಾಲಾವಕಾಶ, ಚಿಕಿತ್ಸೆಯಲ್ಲ. ಎರಡರಲ್ಲಿಯೂ ಮೌನವಾಗಿದ್ದರೆ ಮಾತ್ರ ಯೋಚಿಸಬೇಕು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. ಅಲ್ಲಿನ ಮಕ್ಕಳು ಮನೆಯಲ್ಲಿ ಟಿಬೆಟನ್, ಅಂಗಡಿ ಬೀದಿಯಲ್ಲಿ ಕನ್ನಡ ಕೇಳುತ್ತಾರೆ. ಎರಡು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಗೊಂಡು ಮಾತು ತಡವಾಗುತ್ತದೆ ಎಂದು ಹೆದರಿಸುವವರು ಇಂದಿಗೂ ಇದ್ದಾರೆ. ಎರಡೂ ಭಾಷೆಗಳ ಪದಗಳನ್ನು ಕೂಡಿಸಿ ಎಣಿಸಿದರೆ ಅಂಥ ಮಕ್ಕಳು ಹಿಂದೆ ಬಿದ್ದಿರುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಇಲ್ಲಿ ನನ್ನ ಕಸುಬಿನ ವಿರುದ್ಧವೇ ಒಂದು ಸಾಕ್ಷ್ಯ ಹೇಳಬೇಕು. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ 9 ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಮುಂದೆ ಚೀನೀ ಹೆಂಗಸೊಬ್ಬಳು ಕುಳಿತು ಆಟಿಕೆ ತೋರಿಸುತ್ತಾ, ಕಥೆ ಓದುತ್ತಾ ಮಾತಾಡಿದಳು. ಇನ್ನು ಕೆಲವಕ್ಕೆ ಅದೇ ಮಾತನ್ನು ಟೆಲಿವಿಷನ್ನಿನಲ್ಲಿ ತೋರಿಸಿದರು. 12 ಪಾಠಗಳ ನಂತರ ಎದುರಿಗೆ ಕುಳಿತವಳಿಂದ ಕಲಿತ ಕೂಸುಗಳಿಗೆ ಚೀನೀ ಧ್ವನಿಗಳ ವ್ಯತ್ಯಾಸ ತಿಳಿಯಿತು. ಟೆಲಿವಿಷನ್ ನೋಡಿದವಕ್ಕೆ ಏನೂ ಬರಲಿಲ್ಲ. ಪರದೆ ಮಾತಾಡುತ್ತದೆ, ಮಗು 'ಆ' ಎಂದರೆ ತಿರುಗಿ ಓಗೊಡುವುದಿಲ್ಲ. ಇಪ್ಪತ್ತು ವರ್ಷ ಪರದೆಗಾಗಿ ದುಡಿದ ನನಗೆ ಇದನ್ನು ಬರೆಯುವುದು ಅಷ್ಟೇನೂ ಹಿತವಲ್ಲ. ಹಾಲುಗಲ್ಲದ ಮಗುವಿನ ಕೈಗೆ ಮೊಬೈಲ್ ಕೊಟ್ಟು ಅಡುಗೆ ಮುಗಿಸುವ ಮನೆಗಳಲ್ಲಿ ನನ್ನ ಮನೆಯೂ ಇತ್ತು.

ಮತ್ತೆ ಕಿವಿಗೆ ಬರೋಣ. ಮಾತು ಬಾರದ ಶಿಶುವಿಗೆ ಕೇಳಿಸುತ್ತದೆಯೇ ಎಂದು ಹುಟ್ಟಿದ ವಾರದಲ್ಲಿಯೇ ತಿಳಿಯುವ ದಾರಿಯನ್ನು ತೆರೆದವರು ಲಂಡನ್ನಿನ ಡೇವಿಡ್ ಕೆಂಪ್. 1978ರಲ್ಲಿ ಅವರು ಪ್ರಕಟಿಸಿದ ಸಂಗತಿಯನ್ನು ಮೊದಮೊದಲು ಹಲವರು ನಂಬಲಿಲ್ಲ: ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಸದ್ದು ಮಾಡುತ್ತದೆ! ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಸೂಕ್ಷ್ಮ ರೋಮಕೋಶಗಳ ಸಾಲುಗಳಿವೆ. ಹೊರಸಾಲಿನ ಕೋಶಗಳು ಸದ್ದು ಬಂದಾಗ ಕುಣಿದು ಅದನ್ನು ಹಿಗ್ಗಿಸುತ್ತವೆ. ಆ ಕುಣಿತದ ಮಾರ್ದನಿ ಕಿವಿಯಿಂದ ಹೊರಕ್ಕೂ ಬರುತ್ತದೆ. ಶಿಶುವಿನ ಕಿವಿಗೆ ಒಂದು ಪುಟ್ಟ ಬಿರಡೆ ಇಟ್ಟು 'ಟಿಕ್ ಟಿಕ್' ಸದ್ದು ಕಳಿಸಿದರೆ, ಅದೇ ಬಿರಡೆಯೊಳಗಿನ ಮೈಕು ಮರುದನಿಯನ್ನು ಹಿಡಿಯುತ್ತದೆ. ಶಿಶು ನಿದ್ದೆ ಮಾಡುತ್ತಿದ್ದರೂ ಸರಿ, ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಮರುದನಿ ಬಾರದಿದ್ದರೆ ಕಿವುಡೆಂದು ತೀರ್ಮಾನವಲ್ಲ. ಇನ್ನೊಮ್ಮೆ, ಬೇರೆ ವಿಧಾನದಲ್ಲಿ ನೋಡಬೇಕು ಎಂದರ್ಥ.

ಬೇಗ ಗೊತ್ತಾದರೆ ಏನು ಲಾಭ? 1998ರಲ್ಲಿ ಅಮೆರಿಕದ ಕ್ರಿಸ್ಟೀನ್ ಯೋಶಿನಾಗ ಇಟಾನೊ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಕಿವುಡುತನ 6 ತಿಂಗಳೊಳಗೆ ಪತ್ತೆಯಾಗಿ ನೆರವು ಪಡೆದ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರಿಗಿಂತ ಎದ್ದು ಕಾಣುವಷ್ಟು ಮುಂದಿತ್ತು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ನೆರವು ಎಂಬ ಲೆಕ್ಕ ಈಗ ಲೋಕದ ಹಲವೆಡೆ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ 25 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭವಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡುತನವೂ ಸೇರಿದೆ. ಆದರೆ ಹೆಗ್ಗಡದೇವನಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರು, ಪಿರಿಯಾಪಟ್ಟಣದಿಂದ ಸುಮಾರು 70. ಶ್ರವಣ ಸಾಧನ ಹಾಕಿದ ದಿನವೇ ಮಾತು ಬರುವುದಿಲ್ಲ; ಕೇಳುವುದನ್ನೇ ಕಲಿಸಬೇಕು. ಅದಕ್ಕೆ ತಾಯಿ ಮಗುವನ್ನು ಎತ್ತಿಕೊಂಡು ಮತ್ತೆ ಮತ್ತೆ ಬಸ್ಸು ಹತ್ತಬೇಕು. ಕೂಲಿ ಬಿಡಬೇಕು. ವಿಜ್ಞಾನದ ಪುಸ್ತಕದಲ್ಲಿ ಈ ಬಸ್ಸಿನ ಅಧ್ಯಾಯ ಇರುವುದಿಲ್ಲ.

ಕಿವಿಯೊಂದೇ ದಾರಿ ಎಂದು ತಿಳಿಯಬೇಡಿ. ತಂದೆತಾಯಿಯೂ ಕಿವುಡರಾಗಿದ್ದು ಮನೆಯಲ್ಲಿ ಸನ್ನೆಭಾಷೆ ಬಳಸುತ್ತಿದ್ದರೆ, ಅವರ ಕಿವುಡ ಕೂಸು ಕೈಬೆರಳುಗಳಿಂದಲೇ 'ಬಬಬ' ಎಂದು ತೊದಲುತ್ತದೆ ಎಂದು ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ಬರೆದರು. ಮಾತಾಡುವ ಮಕ್ಕಳು ತೊದಲುವ ವಯಸ್ಸಿನಲ್ಲಿಯೇ! ಮಿದುಳಿಗೆ ಬೇಕಾದದ್ದು ಭಾಷೆ. ಅದು ಕಿವಿಯಿಂದ ಬಂದರೂ ಸರಿ, ಕಣ್ಣಿನಿಂದ ಬಂದರೂ ಸರಿ. ಗುಂಗ್ ಮಹಲಿನ ಮಕ್ಕಳಿಗೆ ಎರಡೂ ಬಾಗಿಲು ಮುಚ್ಚಿದ್ದವು. ಪತ್ತೆಯಾಗದ ಕಿವುಡು ಮಗು ಮನೆ ತುಂಬ ಜನರ ನಡುವೆಯೂ ಅಂಥದೇ ಮಹಲಿನಲ್ಲಿ ಕುಳಿತಿರುತ್ತದೆ.

ಆ ಹುಣಸೂರಿನ ಮಗು ಏನಾಯಿತೆಂದು ಕೇಳುತ್ತೀರಿ. ಮೂರು ವಾರ ಬಿಟ್ಟು, ಚಿತ್ರೀಕರಣಕ್ಕೆ ನೆರವಾಗಿದ್ದ ರೈತರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅವರು ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರು. ತಪಾಸಣೆಯಾಗುವಾಗ ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು. ಎರಡೂ ಕಿವಿಗಳಲ್ಲಿ ತೀವ್ರ ದೋಷ. 6 ತಿಂಗಳಿಗೆ ತಿಳಿಯಬೇಕಾದದ್ದು ಅಷ್ಟು ತಡವಾಗಿ ತಿಳಿಯಿತು. ನಾನು ಅಂದೇ ಬಾಯಿ ಬಿಟ್ಟಿದ್ದರೆ ಮೂರು ವಾರವಾದರೂ ಉಳಿಯುತ್ತಿತ್ತು.

ಕಳೆದ ಬಾರಿ ಆ ದಾರಿಯಾಗಿ ಹೋದಾಗ ಅವರ ಮನೆಗೆ ಹೋಗಿದ್ದೆ. ಎರಡೂ ಕಿವಿಗೆ ಮಿಷನ್ನು ಹಾಕಿದ್ದರು. ಅಜ್ಜಿ ಕರೆದರೆ ಹುಡುಗ ತಿರುಗಿ ನೋಡುತ್ತಿದ್ದ. ಬಜೆಯ ತುಂಡು ಇನ್ನೂ ಕಿಟಕಿಯ ಮೇಲೆಯೇ ಇತ್ತು. ಗೋಡೆಯ ಕ್ಯಾಲೆಂಡರಿನ ಮೇಲೆ, ಹೊಸ ಪದ ಬಂದ ದಿನದ ಚೌಕದಲ್ಲಿ, ತಾಯಿ ಪೆನ್ಸಿಲಿನಿಂದ ಆ ಪದವನ್ನು ಬರೆದಿಟ್ಟಿದ್ದರು. ಪಾಠ ಹೇಳುವವರು ಹಾಗೆ ಬರೆದಿಡಲು ತಿಳಿಸಿದ್ದರಂತೆ. ನಾನು ಎಣಿಸಿದೆ, ಹನ್ನೊಂದು ಪದ. ಮೊದಲನೆಯದು 'ಬಾ', ಎರಡನೆಯದು 'ಅಮ್ಮ', ಮೂರನೆಯದು 'ಆಲು'. ಅವನು ಹೇಳಿದ ಹಾಗೆಯೇ ಬರೆದಿದ್ದರು.